ಅವ್ವನ ವೀಲ್‌ಚೇರ್ ಜೋಡಿ ಕೆರಿ ಸುತ್ತು: ಹುಬ್ಬಳ್ಳಿ-ಧಾರವಾಡದಾಗ ಎಲ್ಲಿ, ಹೆಂಗ?

ವಿದ್ಯಾನಗರದಾಂವ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಅವ್ವಗ 72 ವರ್ಷ. ಎಡ ಮೊಣಕಾಲಿನ ಆಪರೇಶನ್ ಆಗಿ ಏಳು ತಿಂಗಳಾತು. ಕೋಲು ಹಿಡಿದು ಸಪಾಟ ಜಾಗದಾಗ 200-300 ಮೀಟರ್ ನಡೀತಾಳ, ಆಮ್ಯಾಲೆ ಕುಂದ್ರಬೇಕು. ಮಡಚೋ ವೀಲ್‌ಚೇರ್ ಐತಿ, ನೂಕಾಂವ ನಾ ಒಬ್ಬನ. ಡಾಕ್ಟರ್ ದಿನಾ ನಡಸ್ರಿ ಅಂದಾರ, ಆದ್ರ ಮನಿ ಮುಂದಿನ ರಸ್ತೆದಾಗ ನಡದು ನಡದು ಆಕಿಗೆ ಬ್ಯಾಸರಾಗೇತಿ. ನೀರು ಕಾಣಬೇಕು, ಮೆಟ್ಟಲ ಇರಬಾರದು, ಒಂದು ತಾಸಿನ್ಯಾಗ ಮುಗೀಬೇಕು. ಉಣಕಲ್, ತೋಳನಕೆರಿ, ಸಾಧನಕೇರಿ, ಕೆಲಗೇರಿ ಈ ನಾಲ್ಕರಾಗ ಯಾವುದು ಮೊದಲು ನೋಡ್ಲಿ? ಗದಗ, ಹಾವೇರಿ ಕಡೆ ಇದ್ರೂ ರವಿವಾರ ಹೋಗಬಹುದು. ಕೆರಿ ಹೆಸರಷ್ಟ ಅಲ್ಲ, ಅಲ್ಲಿ ಹೋಗಿ ಏನೇನು ನೋಡಬೇಕು ಅನ್ನೋದೂ ಹೇಳ್ರಿ.

ಒಡ್ಡಿನ ಮ್ಯಾಲ:

ಕೆರಿ ಹೆಸರು ಆಮ್ಯಾಲೆ ನೋಡೂಣು. ಕೆರಿ ಹೆಂಗ ಕಟ್ಟ್ಯಾರ ಅನ್ನೋದು ತಿಳದ್ರ, ಗಾಲಿ ಎಲ್ಲಿ ನಿಲ್ಲತೈತಿ ಅನ್ನೋದು ಹೋಗೂಕ್ಕಿಂತ ಮುಂಚೇನ ಗೊತ್ತಾಗತೈತಿ.

ನಮ್ಮ ಸೀಮಿ ಕೆರಿ ಅಂದ್ರ ಹಳ್ಳಕ್ಕ ಅಡ್ಡ ಮಣ್ಣಿನ ಒಡ್ಡು ಹಾಕಿ ನೀರು ನಿಲ್ಲಿಸಿದ್ದು. ಹಂಗಾಗಿ ಸುತ್ತಲೂ ಒಂದ ನಮೂನಿ ಇರೂದಿಲ್ಲ. ಒಡ್ಡಿನ ಬದಿಗೆ ನೀರು ಆಳ, ದಾರಿ ಮಟ್ಟಸ. ಅದರ ಎದುರಿನ ಬದಿಗೆ ನೀರು ತೆಳುವು, ನೆಲ ಜವಳು, ಹಳ್ಳ ಬಂದು ಕೂಡೋದು ಅಲ್ಲೇ. ಒಡ್ಡಿನ ತಲಿ ಮಟ್ಟಸ ಇರಾಕ ಕಾರಣ ಐತಿ: ಎಲ್ಲರೆ ಒಂದು ಕಡೆ ತಗ್ಗು ಬಿಟ್ಟಿದ್ರ ಮಳಿಗಾಲದಾಗ ನೀರು ಅಲ್ಲೇ ಉಕ್ಕಿ ಒಡ್ಡನ್ನ ಕೊರದ ಬಿಡ್ತಿತ್ತು. ಅದಕ್ಕ ಕಟ್ಟಿದವರು ತುದಿಯಿಂದ ತುದಿ ತನಕ ಒಂದ ಮಟ್ಟ ಹಿಡದಾರ. ಮಟ್ಟಸ ದಾರಿ ಬೇಕಾದವರಿಗೆ ಹಳೇ ಕಾಲದವರು ಬಿಟ್ಟುಹೋದ ಕೊಡುಗೆ ಅದು. ನೀರು ಚಂದ ಕಾಣೋದೂ ಅಲ್ಲಿಂದನ.

ಸುತ್ತು ಕೆಡೋದು ಮೂರು ಕಡೆ.

ಒಂದು, ಒಡ್ಡಿಗೆ ಹತ್ತೋ ಜಾಗ. ನಡು ಒಡ್ಡಿಗೆ ಕೆಳಗಿನ ರಸ್ತೆಯಿಂದ ಹತ್ತೋದಾದ್ರ ಮೆಟ್ಟಲ ಇರತಾವ, ಇಲ್ಲಂದ್ರ ಕಡಿದಾದ ಏರು. ಅಲ್ಲಿ ಹತ್ತಬ್ಯಾಡ್ರಿ. ಒಡ್ಡು ಎರಡೂ ತುದಿಗೆ ಸಹಜ ನೆಲದಾಗ ಹೋಗಿ ಕೂಡತೈತಿ, ಅಲ್ಲಿ ಏರು ಭಾಳ ಕಡಿಮಿ. ತುದಿಯಿಂದ ಸೇರಿಕೋರಿ. ಗಾಡಿನೂ ಆ ತುದಿಗೇ ನಿಲ್ಲಸ್ರಿ.

ಎರಡು, ಕೋಡಿ. ಹೆಚ್ಚಾದ ನೀರು ಹೊರಗ ಹೋಗಾಕ ಕೋಡಿ ಒಡ್ಡಿಗಿಂತ ತಗ್ಗಿನ್ಯಾಗ ಇರಲೇಬೇಕು. ಅಂದ್ರ ದಾರಿ ಅಲ್ಲಿ ಇಳದು ಮತ್ತ ಏರತೈತಿ, ಇಲ್ಲಾ ಸಣ್ಣ ಸೇತುವಿ ಇರತೈತಿ, ಎರಡೂ ಇರಲಿಲ್ಲಂದ್ರ ದಾರಿ ಅಲ್ಲೇ ಮುಗೀತೈತಿ. ಕೆರಿ ತುಂಬಿದ ತಿಂಗಳದಾಗ ಕೋಡಿ ಮ್ಯಾಲ ಎರಡು ಬೆರಳು ನೀರು ಹರೀತಿದ್ರೂ ದಾಟಿಸಬ್ಯಾಡ್ರಿ. ನೀರಿನ ಜೋರಿಗಿಂತ ಕಲ್ಲಿನ ಮ್ಯಾಲಿನ ಪಾಚಿ ಅಪಾಯ. ಕೋಲಿನ ರಬ್ಬರ ಬೂಚು ಪಾಚಿ ಮ್ಯಾಲ ನಿಲ್ಲೂದಿಲ್ಲ.

ಮೂರು, ಹಳ್ಳದ ಬಾಯಿ. ಇಲ್ಲಿ ಹೂಳು, ಜೊಂಡು, ಅಂತರಗಂಗಿ, ಊರ ನಡುವಿನ ಕೆರಿಯಾದ್ರ ಗಟಾರದ ನೀರೂ ಕೂಡತೈತಿ. ದಾರಿಗೆ ಸಣ್ಣ ಸೇತುವಿ ಕಟ್ಟಿರತಾರ. ಸೇತುವಿ ಕಾಂಕ್ರೀಟು ಕುಸಿಯೂದಿಲ್ಲ, ಅದರ ಎರಡೂ ಮಗ್ಗಲಕ್ಕ ತುಂಬಿದ ಮಣ್ಣು ಮಾತ್ರ ವರ್ಷಾ ಚೂರು ಚೂರು ಕುಸಿಯತೈತಿ. ಅದಕ್ಕ ಸೇತುವಿಗೆ ಹತ್ತೋ ಕಡೆ, ಇಳಿಯೋ ಕಡೆ ಒಂದೆರಡು ಇಂಚಿನ ಹೊಸ್ತಿಲ ಎದ್ದ ನಿಲ್ಲತೈತಿ. ನಡಿಯವರಿಗೆ ಅದು ಕಣ್ಣಿಗೂ ಬೀಳೂದಿಲ್ಲ, ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಮಾತ್ರ ಅಲ್ಲೇ ಬಡದು ನಿಲ್ಲತೈತಿ, ಕುಂತವರು ಮುಂದಕ್ಕ ಮುಗ್ಗರಸತಾರ.

ಇದಕ್ಕ ನಮ್ಮ ಕರಿ ಎರಿ ಮಣ್ಣು ಕೂಡ್ರಿ. ಹುಬ್ಬಳ್ಳಿಯಿಂದ ಮೂಡಣಕ್ಕ ಹೋದಂಗ ಎರಿನ. ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಿರಿಯತೈತಿ. ಅದರ ಮ್ಯಾಲ ಹಾಸಿದ ಪೇವರ್ ಎರಡು ವರ್ಷದಾಗ ಅಲೆ ಅಲೆ ಆಗತಾವ, ಅದೂ ಮೊದಲು ನೀರಿನ ಬದಿಯ ಅಂಚಿಗೆ. ಧಾರವಾಡದ ಪಡುವಣ ಬದಿಗೆ ಕೆಂಪು ಮಸಾರಿ, ಅಲ್ಲಿ ಹಾಸು ಅಷ್ಟು ಕೆಡೂದಿಲ್ಲ. ಆದ್ರ ಧಾರವಾಡ ಅಂದ್ರ ಏರು-ಇಳಿವಿನ ಊರು. ಕೆರಿ ದಾರಿ ಮಟ್ಟಸ ಇದ್ರೂ ರಸ್ತೆಯಿಂದ ಕೆರಿಗೆ ಇಳಿಯೋದ ಕಷ್ಟ.

ಈಗ ನಿಮ್ಮ ನಾಲ್ಕು ಕೆರಿ. ಮೊದಲ ದಿನಕ್ಕ ತೋಳನಕೆರಿ. ಗೋಕುಲ ರಸ್ತೆ ಬದಿಗೆ ಐತಿ, ಸ್ಮಾರ್ಟ್ ಸಿಟಿ ಕೆಲಸದಾಗ ಸುಧಾರಿಸ್ಯಾರ, ಉಣಕಲ್‌ಗಿಂತ ಸಣ್ಣದು. ಸಣ್ಣ ಕೆರಿ ಯಾಕ ಅಂದ್ರ ಲೆಕ್ಕ ಹಿಂಗೈತಿ: 25 ಎಕರೆ ಕೆರಿ ಪೂರಾ ದುಂಡಗಿದ್ರ ಸುತ್ತಳತಿ 1.1 ಕಿ.ಮೀ., 200 ಎಕರೆ ಆದ್ರ 3.2 ಕಿ.ಮೀ. ಖರೆ ಕೆರಿ ಯಾವುದೂ ದುಂಡಗಿರೂದಿಲ್ಲ, ಮೂಲಿ ಮುರುಕು ಹಿಡದ್ರ ಇನ್ನೂ ಕಾಲು ಪಾಲು, ಮೂರನೇ ಒಂದು ಪಾಲು ಕೂಡಸ್ರಿ. ನಿಮ್ಮ ಒಂದು ತಾಸಿಗೆ 1.5 ಕಿ.ಮೀ. ಮ್ಯಾಲ ಹೋಗಬ್ಯಾಡ್ರಿ.

ಉಣಕಲ್ ದೊಡ್ಡ ಕೆರಿ. ನಡುನೀರಾಗ ವಿವೇಕಾನಂದರ ಮೂರ್ತಿ, ದಂಡಿಗೆ ಉದ್ಯಾನ. ಅಲ್ಲಿ ಪೂರ್ತಿ ಸುತ್ತಿನ ಹಟ ಬ್ಯಾಡ. ಉದ್ಯಾನದ ಬದಿಯಿಂದ ಮಟ್ಟಸ ಇರೋತನಕ ಹೋಗ್ರಿ, ಮೂರ್ತಿ ಕಣ್ಣಮುಂದ ಇಟ್ಟಕೊಂಡು ಕುಂದ್ರಸ್ರಿ, ಅದ ದಾರಿಲೆ ವಾಪಸ್ ಬರ್ರಿ. ನೀರು ಹೋಗ್ತ ಒಂದು ಥರಾ ಕಾಣತೈತಿ, ಬರ್ತ ಇನ್ನೊಂದು ಥರಾ.

ಸಾಧನಕೇರಿ ಸಣ್ಣದು, ಊರೊಳಗಿಂದು. ಬೇಂದ್ರೆ ಅಜ್ಜಾರ ಮನಿ, ಬೇಂದ್ರೆ ಭವನ ಎದುರಿಗೇ ಅದಾವ. ಅವ್ವಾರಿಗೆ ಅವರ ಹಾಡು ಬರತಿದ್ರ ಅಲ್ಲಿಗೇ ಮೊದಲ ಕರಕೊಂಡು ಹೋಗ್ರಿ ಅಂತೀನಿ, ಗಾಲಿ ಲೆಕ್ಕ ಬದಿಗಿಟ್ಟು. ಕೆಲಗೇರಿ ಊರ ಹೊರಗ, ಗಾಳಿ ಚಲೋ, ನೀರು ವಿಸ್ತಾರ. ಅದನ್ನ ಕಡೀಕ ಇಟ್ಕೋರಿ, ಕುರ್ಚಿ ನೂಕೋ ಕೈ ಪಳಗಿದ ಮ್ಯಾಲ.

ಗಾಲಿ ಮತ್ತು ಕೋಲು:

ಮೇಲಿನವರು ಕೆರೆಯ ಲೆಕ್ಕ ಹೇಳಿದ್ದಾರೆ. ನಾನು ಕುರ್ಚಿಯ ಲೆಕ್ಕ ಹೇಳುತ್ತೇನೆ. ಮೊದಲ ಸಲ ತಾಯಿಯವರನ್ನು ಕರೆದುಕೊಂಡು ಹೋಗಬೇಡಿ. ಒಬ್ಬರೇ ಹೋಗಿ, ಜೇಬಿನಲ್ಲಿ ಅಳತೆ ಟೇಪ್ ಇರಲಿ.

ಗೇಟಿನಿಂದ ಶುರು ಮಾಡಿ. ಕೆರೆ ದಾರಿಗೆ ಬೈಕ್ ನುಗ್ಗಬಾರದೆಂದು ಕಂಬ ನೆಡುತ್ತಾರೆ, ಸರಪಳಿ ಕಟ್ಟುತ್ತಾರೆ ಅಥವಾ ಅಂಕುಡೊಂಕಿನ ಕಂಬಿ ಹಾಕುತ್ತಾರೆ. ಬೈಕಿನ ಹ್ಯಾಂಡಲ್ 700 ಮಿ.ಮೀ. ಆಸುಪಾಸು, 18 ಇಂಚಿನ ಸೀಟಿನ ವೀಲ್‌ಚೇರ್ ಒಟ್ಟು ಅಗಲ 650 ಮಿ.ಮೀ. ಆಸುಪಾಸು. ಎರಡಕ್ಕೂ ಇರುವ ವ್ಯತ್ಯಾಸ ಎರಡು ಇಂಚಷ್ಟೇ. ಹೀಗಾಗಿ ಬೈಕನ್ನು ತಡೆಯುವ ಕಂಬಿ ಬಹುಪಾಲು ಕುರ್ಚಿಯನ್ನೂ ತಡೆಯುತ್ತದೆ. ನಿಮಗೆ ಬೇಕಾದ ಕನಿಷ್ಠ ಸಂದು 900 ಮಿ.ಮೀ. ಅಷ್ಟು ಇಲ್ಲದಿದ್ದರೆ ಕಾವಲುಗಾರರನ್ನು ಮಾತನಾಡಿಸಿ, ಹುಲ್ಲು ಕತ್ತರಿಸುವ ಯಂತ್ರ, ಕಸದ ಗಾಡಿ ಒಳಗೆ ಬರುವ ದೊಡ್ಡ ಗೇಟು ಎಲ್ಲಿದೆ ಎಂದು ಕೇಳಿ. ಬೀಗದ ಕೈ ಯಾರ ಬಳಿ ಇರುತ್ತದೆ, ಎಷ್ಟು ಗಂಟೆಗೆ ಬರುತ್ತಾರೆ ಎಂದೂ ಕೇಳಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ನಿಂತಾಗ ಉಪಯೋಗಕ್ಕೆ ಬರುವುದು ಈ ಒಂದು ಮಾಹಿತಿ.

ದಾರಿಯ ಅಗಲ 1,200 ಮಿ.ಮೀ. ಇದ್ದರೆ ನಡೆಯುತ್ತದೆ, 1,800 ಇದ್ದರೆ ಎದುರಿನಿಂದ ಬರುವವರಿಗೂ ಜಾಗ. ಕುರ್ಚಿ ಪೂರ್ತಿ ತಿರುಗಿಸಲು 1,500 ಮಿ.ಮೀ. ಚೌಕ ಬೇಕು. ಅರ್ಧಕ್ಕೆ ವಾಪಸ್ ಬರುವುದಾದರೆ ಆ ಚೌಕ ಎಲ್ಲೆಲ್ಲಿದೆ ಎಂದು ಮೊದಲೇ ಗುರುತು ಮಾಡಿ, ಇಲ್ಲವಾದರೆ ಹಿಮ್ಮುಖವಾಗಿ ಎಳೆದುಕೊಂಡು ಬರಬೇಕಾಗುತ್ತದೆ.

ಇಳಿಜಾರಿನ ಮಿತಿ 1:12. ಅಂದರೆ 12 ಮೀಟರ್ ಹೋದಾಗ 1 ಮೀಟರ್ ಏರು. ತಾಯಿಯವರ ತೂಕ 60 ಕೆ.ಜಿ., ಕುರ್ಚಿ 18 ಕೆ.ಜಿ. ಎಂದಿಟ್ಟುಕೊಂಡರೆ 1:12 ಏರಿನಲ್ಲಿ ನಿಮ್ಮ ಕೈಗೆ ಬೀಳುವುದು ಸುಮಾರು 6.5 ಕೆ.ಜಿ. ಭಾರ, ಜೊತೆಗೆ ನೆಲದ ಎಳೆತ. 1:6 ಇದ್ದರೆ 13 ಕೆ.ಜಿ. ಏರುವಾಗ ಹೇಗೋ ನೂಕುತ್ತೀರಿ. ಇಳಿಯುವಾಗ ಅಷ್ಟೇ ಭಾರ ನಿಮ್ಮನ್ನು ಎಳೆಯುತ್ತದೆ, ಚಪ್ಪಲಿ ಜಾರುವುದು ಆಗಲೇ. ಕಡಿದಾದ ಇಳಿವಿನಲ್ಲಿ ಕುರ್ಚಿಯನ್ನು ತಿರುಗಿಸಿ, ನೀವು ಕೆಳಗೆ, ಅವರು ಮೇಲಕ್ಕೆ ಮುಖ ಮಾಡಿರುವಂತೆ, ಹಿಮ್ಮುಖವಾಗಿ ಇಳಿಸಿ. ಸೊಂಟದ ಬೆಲ್ಟ್ ಹಾಕಿರಲಿ.

ಅಡ್ಡ ಇಳಿಜಾರನ್ನು ಯಾರೂ ನೋಡುವುದಿಲ್ಲ, ಕೈ ಸೋಲಿಸುವುದು ಅದೇ. ಮಳೆನೀರು ಹರಿಯಲೆಂದು ದಾರಿಯನ್ನು ಒಂದು ಮಗ್ಗುಲಿಗೆ ಓರೆ ಮಾಡಿರುತ್ತಾರೆ. ಮೀಟರಿಗೆ 20 ಮಿ.ಮೀ. ತನಕ ಸರಿ. ಅದಕ್ಕಿಂತ ಹೆಚ್ಚಾದರೆ ಕುರ್ಚಿ ಸದಾ ತಗ್ಗಿನ ಕಡೆಗೆ ತಿರುಗುತ್ತದೆ, ನೂಕುವವರು ಒಂದೇ ಕೈಯಲ್ಲಿ ತಡೆಯುತ್ತಾ ಹೋಗಬೇಕು. ತಗ್ಗು ನೀರಿನ ಕಡೆಗಿದ್ದು, ಅಂಚಿಗೆ ಕಂಬಿ ಇಲ್ಲದಿದ್ದರೆ ಆ ತುಂಡನ್ನು ಬಿಟ್ಟುಬಿಡಿ. ನೀರು ನೋಡಲು ನಿಲ್ಲಿಸುವಾಗ ಕುರ್ಚಿಯ ಮುಖ ನೀರಿಗೆ ಬೇಡ. ದಾರಿಯ ಉದ್ದಕ್ಕೆ ನಿಲ್ಲಿಸಿ ಎರಡೂ ಬ್ರೇಕ್ ಹಾಕಿ, ಅವರು ಕತ್ತು ತಿರುಗಿಸಿ ನೋಡಲಿ.

ಹೊಸ್ತಿಲು ಎದುರಾದರೆ ವೇಗದಿಂದ ಹತ್ತಿಸಲು ಹೋಗಬೇಡಿ. ನಿಲ್ಲಿಸಿ, ಹಿಂದೆ ಇರುವ ಕೊಳವೆಯ ಮೇಲೆ ಕಾಲಿಟ್ಟು ಒತ್ತಿ, ಹಿಡಿಕೆಯನ್ನು ನಿಮ್ಮ ಕಡೆಗೆ ಬಗ್ಗಿಸಿ. ಮುಂದಿನ ಸಣ್ಣ ಗಾಲಿ ಎದ್ದು ಹೊಸ್ತಿಲ ಮೇಲೆ ಕೂರುತ್ತದೆ. ಆಮೇಲೆ ದೊಡ್ಡ ಗಾಲಿ ಹೊಸ್ತಿಲಿಗೆ ತಾಗುವವರೆಗೆ ತಂದು, ಎತ್ತಿ ನೂಕಿ. ಸಡಿಲ ಗರಸಿನಲ್ಲೂ ಇದೇ ಉಪಾಯ: ಮುಂದಿನ ಗಾಲಿ ಹೂತುಕೊಳ್ಳುವುದರಿಂದ ಕುರ್ಚಿಯನ್ನು ತುಸು ಹಿಂದಕ್ಕೆ ಬಾಗಿಸಿ ದೊಡ್ಡ ಗಾಲಿಯ ಮೇಲೆಯೇ ದಾಟಿಸಿ. ಹಾಗೆ ಮಾಡುವ ಮುಂಚೆ ‘ಹಿಂದಕ್ಕ ಬಗ್ಗಸ್ತೀನವ್ವಾ’ ಎಂದು ಹೇಳಿ. ಹೇಳದೆ ಬಗ್ಗಿಸಿದರೆ ಗಾಬರಿಯಿಂದ ಕಾಲು ಕೆಳಗಿಡುತ್ತಾರೆ, ಆಪರೇಶನ್ ಆದ ಕಾಲಿಗೇ ಪೆಟ್ಟು.

ಕೋಲು ಬಲಗೈಯಲ್ಲಿ ಇರಲಿ. ಎಡ ಮೊಣಕಾಲು ನೋವಿನದಾದರೆ ಕೋಲು ಎದುರು ಕೈಗೆ, ಎಡಗಾಲು ಮತ್ತು ಕೋಲು ಒಟ್ಟಿಗೆ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಸಮ ಬರಬೇಕು. ಬೂಚಿನ ತಳದ ಗೆರೆಗಳು ಸವೆದಿದ್ದರೆ ಹೊಸದು ಹಾಕಿಸಿ, ಸವೆದ ಬೂಚು ಒದ್ದೆ ಟೈಲ್ಸ್ ಮೇಲೆ ಸೋಪಿನಂತೆ.

ನಡೆಸುವುದು ಸುತ್ತಿನ ಮೊದಲ ತುಂಡಿನಲ್ಲಿ, ಕಾಲು ತಾಜಾ ಇದ್ದಾಗ. ಆಯಾಸವಾದಮೇಲೆ ಕುರ್ಚಿ. ಖಾಲಿ ಕುರ್ಚಿಯ ಹಿಡಿಕೆಯನ್ನೇ ಆಸರೆಯಾಗಿ ಹಿಡಿದು ನಡೆಯಲು ಮಾತ್ರ ಬಿಡಬೇಡಿ. ಸೀಟಿನ ಮೇಲೆ ಭಾರವಿಲ್ಲದಾಗ ಹಿಡಿಕೆಗೆ ಒರಗಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ ಅಥವಾ ಕೈಬಿಟ್ಟು ಮುಂದೆ ಓಡುತ್ತದೆ. ಕಲ್ಲಿನ ಬೆಂಚುಗಳ ಮೇಲೂ ಭರವಸೆ ಇಡಬೇಡಿ. ಮೊಣಕಾಲಿನವರಿಗೆ ಬೇಕಾದದ್ದು 450ರಿಂದ 500 ಮಿ.ಮೀ. ಎತ್ತರದ, ಕೈ ಊರಿ ಏಳಲು ಹಿಡಿಕೆ ಇರುವ ಬೆಂಚು. ತಗ್ಗಿನ, ಹಿಡಿಕೆಯಿಲ್ಲದ ಬೆಂಚಿನಲ್ಲಿ ಕೂರುವುದು ಸುಲಭ, ಏಳುವುದು ಕಷ್ಟ. ನಿಮ್ಮ ಕುರ್ಚಿಯೇ ಒಳ್ಳೆಯ ಬೆಂಚು.

ವಿದ್ಯಾನಗರದಾಂವ:

ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಉಪಕಾರ ಆತ್ರಿ. ಎರಡು ಪ್ರಶ್ನೆ. ಇಳಿಜಾರು 1:12 ಐತೋ ಇಲ್ಲೋ ಅನ್ನೋದು ಅಲ್ಲಿ ನಿಂತು ಹೆಂಗ ಅಳೀಲಿ? ಕಾರು ದಿನಾ ಸಿಗೂದಿಲ್ಲ, ಉಣಕಲ್‌ಗೆ ಚಿಗರಿ ಬಸ್ಸಿನ್ಯಾಗ (ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸು) ಕುರ್ಚಿ ಸಮೇತ ಹೋಗಬಹುದಾ?

ಗಾಲಿ ಮತ್ತು ಕೋಲು:

ಒಂದು ಮೀಟರ್ ಉದ್ದದ ನೆಟ್ಟನೆಯ ಪಟ್ಟಿ, ಗೌಂಡಿಗಳು ಬಳಸುವ ಮಟ್ಟಗೋಲು, ಟೇಪ್ ಇಷ್ಟು ಸಾಕು. ಪಟ್ಟಿಯ ಒಂದು ತುದಿಯನ್ನು ಏರಿನ ಮೇಲ್ಬದಿಗೆ ನೆಲಕ್ಕೆ ತಾಗಿಸಿ. ಇನ್ನೊಂದು ತುದಿಯನ್ನು ಮಟ್ಟಗೋಲಿನ ಗುಳ್ಳೆ ನಡುವಿಗೆ ಬರುವವರೆಗೆ ಎತ್ತಿ. ಆ ತುದಿಯಿಂದ ನೆಲಕ್ಕೆ ಇರುವ ಸಂದು ಅಳೆಯಿರಿ. 50 ಮಿ.ಮೀ. ಬಂದರೆ 1:20, ಇದನ್ನು ಯಾರಾದರೂ ನೂಕಬಹುದು. 83 ಬಂದರೆ 1:12, ಒಬ್ಬರೇ ನೂಕಲು ಇದೇ ಕೊನೆ. 125 ಬಂದರೆ 1:8, ಇಬ್ಬರು ಬೇಕು.

ಮೊಬೈಲಿನಲ್ಲಿ ಮಟ್ಟ ತೋರಿಸುವ ಆ್ಯಪ್ ಆದರೂ ಆದೀತು. 1:20 ಅಂದರೆ 2.9 ಡಿಗ್ರಿ, 1:12 ಅಂದರೆ 4.8 ಡಿಗ್ರಿ. ಮೊಬೈಲನ್ನು ನೇರವಾಗಿ ಟೈಲ್ಸ್ ಮೇಲೆ ಇಡಬೇಡಿ, ಒಂದೇ ಕಲ್ಲಿನ ಓರೆ ತೋರಿಸಿ ಮೋಸ ಮಾಡುತ್ತದೆ. ಪಟ್ಟಿಯನ್ನು ನೆಲಕ್ಕೆ ಮಲಗಿಸಿ, ಅದರ ಮೇಲೆ ಮೊಬೈಲ್ ಇಡಿ. ಹಿಂದಿನ ಕ್ಯಾಮೆರಾ ಉಬ್ಬಿದ್ದರೆ ಅದೂ ಅರ್ಧ ಡಿಗ್ರಿ ತಪ್ಪು ತೋರಿಸಬಹುದು, ಆ ಭಾಗ ಪಟ್ಟಿಯಿಂದ ಹೊರಗೆ ಚಾಚಿರಲಿ. ಒಂದೇ ಏರನ್ನು ಮೂರು ಕಡೆ ಅಳೆಯಿರಿ, ಅತಿ ಕಡಿದಾದದ್ದೇ ಲೆಕ್ಕಕ್ಕೆ.

ಹಾಗೆಯೇ ಶೌಚಾಲಯದ ಬಾಗಿಲು ಅಳೆಯುವುದನ್ನು ಮರೆಯಬೇಡಿ. ಕಮೋಡ್ ಇದೆಯೇ, ಪಕ್ಕದಲ್ಲಿ ಹಿಡಿಯಲು ಕಂಬಿ ಇದೆಯೇ ಎಂದು ಒಳಗೆ ಹೋಗಿ ನೋಡಿ. ಸುತ್ತು ಅರ್ಧಕ್ಕೆ ನಿಲ್ಲುವುದು ಬಹಳ ಸಲ ಇದೇ ಕಾರಣಕ್ಕೆ, ಹಿರಿಯ ಹೆಣ್ಣುಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಬಿಆರ್‌ಟಿಎಸ್ ದಿನಾ:

ಚಿಗರಿ ಬಗ್ಗೆ ನಾ ಹೇಳ್ತೀನಿ. ಹೋಗಬಹುದು. ಬಸ್ಸಿನ ನೆಲ, ನಿಲ್ದಾಣದ ಕಟ್ಟಿ ಎರಡೂ ಒಂದ ಮಟ್ಟ ಇರೂದರಿಂದ ಮೆಟ್ಟಲ ಹತ್ತೋದು ಇಲ್ಲ. ನಮ್ಮ ಊರಾಗ ವೀಲ್‌ಚೇರ್‌ದವರಿಗೆ ಇದು ದೊಡ್ಡ ಅನುಕೂಲ. ನೋಡಬೇಕಾದ್ದು ಬಸ್ಸಿಗೂ ಕಟ್ಟಿಗೂ ನಡುವಿನ ಸಂದು. ಡ್ರೈವರ್ ತುಸು ದೂರ ನಿಲ್ಲಿಸಿದ್ರ ಮುಂದಿನ ಸಣ್ಣ ಗಾಲಿ ಸಂದಿನ್ಯಾಗ ಇಳೀತೈತಿ. ಅದಕ್ಕ ಕುರ್ಚಿ ತಿರುಗಿಸಿ, ದೊಡ್ಡ ಗಾಲಿ ಮೊದಲು ಹೋಗುವಂಗ ಹಿಮ್ಮುಖ ಒಳಗ ಎಳಕೋರಿ. ಓರೆಯಾಗಿ ಅಲ್ಲ, ಬಾಗಿಲಿಗೆ ನೆಟ್ಟಗ. ಇಳಿಯೋವಾಗನೂ ದೊಡ್ಡ ಗಾಲಿನ ಮೊದಲು ಸಂದು ದಾಟಲಿ.

ಎಲ್ಲಾ ನಿಲ್ದಾಣದಾಗ ನಿಲ್ಲೋ ಬಸ್ಸು ಹತ್ತ್ರಿ. ತಡೆರಹಿತ ಬಸ್ಸು ಕೆರಿ ಹತ್ರ ನಿಲ್ಲೂದಿಲ್ಲ, ಹತ್ತೋ ಮುಂಚೆ ಕೇಳ್ರಿ. ಇಳಿಯೋದು ಉಣಕಲ್ ಕೆರಿ ನಿಲ್ದಾಣ. ಉಣಕಲ್ ಕ್ರಾಸ್ ಬ್ಯಾರೆ, ಅಲ್ಲಿ ಇಳದ್ರ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಬಾಜೂಕ ಕುರ್ಚಿ ನೂಕ್ಕೊಂತ ಹೋಗಬೇಕಾಗತೈತಿ.

ಕಷ್ಟ ಇರೋದು ಬಸ್ಸಿನ್ಯಾಗಲ್ಲ, ರಸ್ತೆ ದಾಟೋದ್ರಾಗ. ನಿಲ್ದಾಣ ರಸ್ತೆ ನಡುವ ಐತಿ. ಇಳದ ಮ್ಯಾಲ ಅರ್ಧ ಪಿ.ಬಿ. ರಸ್ತೆ ದಾಟಬೇಕು, ಅಲ್ಲಿ ಗಾಡಿ ಜೋರು ಬರತಾವ. ಪಾದಚಾರಿ ಸಿಗ್ನಲ್ ಬಿದ್ದ ಮ್ಯಾಲೂ ಎಡಕ್ಕ ತಿರುಗೋ ಬೈಕು ನಿಲ್ಲೂದಿಲ್ಲ ಅಂತ ತಿಳಕೊಂಡ ಹೆಜ್ಜಿ ಇಡ್ರಿ. ಬೆಳಿಗ್ಗೆ ಏಳೂವರೆ ಒಳಗ ದಾಟೋದು ಸುಲಭ. ಶಾಲಿ, ಆಫೀಸಿನ ಹೊತ್ತಿಗೆ ಬಸ್ಸೂ ತುಂಬಿರತೈತಿ, ಕುರ್ಚಿ ಜಾಗದಾಗ ಜನ ನಿಂತಿರತಾರ. ಸಂಜಿ ಆರರ ಮ್ಯಾಲ ಅಂತೂ ಬ್ಯಾಡ.

ಉಣಕಲ್ ಊರೊಳಗಿನ ಚಂದ್ರಮೌಳೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಕೆರಿಗೆ ಹೋದವರು ಅದನ್ನೂ ನೋಡಿ ಬರೋದು ರೂಢಿ. ನೋಡಬೇಕಂದ್ರ ಬ್ಯಾರೆ ದಿನ ಇಟ್ಕೋರಿ. ಎರಡೂ ಒಂದ ದಿನ ಕೂಡಿಸಿದ್ರ ಮೊಣಕಾಲು ಸಂಜಿಗೆ ಬಾಯಿ ಬಿಡತೈತಿ.

ಗದಗ ಕಡೆಯವಳು:

ರವಿವಾರಕ್ಕ ಅಂದಿದ್ದಕ್ಕ ಬರೀತೀನ್ರಿ ಅಣ್ಣಾರ. ಗದಗ ಊರಾಗ ಭೀಷ್ಮ ಕೆರಿ ಐತಿ, ದೊಡ್ಡ ಬಸವಣ್ಣನವರ ಮೂರ್ತಿ ಅದರ ದಂಡಿಗೇ. ಮೂರ್ತಿ ದೂರದಿಂದ ಚಲೋ ಕಾಣತೈತಿ, ಹತ್ರ ಹೋಗಿ ಕತ್ತೆತ್ತಿ ನೋಡಬೇಕಂತಿಲ್ಲ. ಕುರ್ಚಿಯಾಗ ಕುಂತವರಿಗೆ ಅದು ದೊಡ್ಡ ಸಮಾಧಾನ.

ಆದ್ರ ಚಳಿಗಾಲದಾಗ ಬರೋದಿದ್ರ ಮಾಗಡಿ ಕೆರಿ ಬಿಡಬ್ಯಾಡ್ರಿ. ಶಿರಹಟ್ಟಿ ತಾಲೂಕು, ಗದಗಿನಿಂದ ಲಕ್ಷ್ಮೇಶ್ವರಕ್ಕ ಹೋಗೋ ದಾರಿಗೆ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರತಾವ, ನವೆಂಬರಿನಿಂದ ಮಾರ್ಚ್ ತನಕ ಇರತಾವ. 2024ರಾಗ ಇದು ರಾಮ್ಸಾರ್ ಪಟ್ಟಿಗೆ (ಮಹತ್ವದ ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿ) ಸೇರೇತಿ. ಒಂದು ಮಾತು ಕೈಮುಗಿದು ಹೇಳ್ತೀನಿ: ಇಲ್ಲಿ ಸುತ್ತು ಹಾಕಬ್ಯಾಡ್ರಿ. ಈ ಹಕ್ಕಿ ರಾತ್ರಿ, ನಸುಕಿನ್ಯಾಗ ಸುತ್ತಲ ಹೊಲದಾಗ ಮೇದು ಬಂದು ಹಗಲೆಲ್ಲಾ ನೀರಿನ ಮ್ಯಾಲ ದಣಿವಾರಿಸಿಕೊಳ್ಳತಾವ. ದಂಡಿಗುಂಟ ಮನಷ್ಯಾರು ಓಡಾಡಿದ್ರ ಗುಂಪಿಗೆ ಗುಂಪ ಎದ್ದ ಹಾರತೈತಿ. ಹಂಗ ದಿನಾ ನಾಲ್ಕು ಸಲ ಎಬ್ಬಿಸಿದ್ರ ಮೇದದ್ದು ಹಾರೋದಕ್ಕ ಖರ್ಚಾಗತೈತಿ, ಮುಂದ ಅಷ್ಟು ದೂರ ವಾಪಸ್ ಹೋಗಾಕ ಮೈಯಾಗ ಕೊಬ್ಬು ಕೂಡೂದಿಲ್ಲ.

ವೀಲ್‌ಚೇರ್‌ದವರಿಗೆ ಇದು ಒಳ್ಳೇದ ಆತು ಅನ್ರಿ. ಒಂದ ಜಾಗದಾಗ ಅಲ್ಲಾಡದ ಕುಂದರೋದು ಹಕ್ಕಿ ನೋಡಾಕ ಬೇಕಾದ ಮೊದಲ ಗುಣ. 8x42 ದುರ್ಬೀನು (ಎಂಟು ಪಟ್ಟು ಹತ್ರ ತೋರಸೋದು) ಇದ್ರ ಸಾಕು, 10 ಪಟ್ಟಿನದು ವಯಸ್ಸಾದವರ ಕೈಯಾಗ ನಡಗತೈತಿ. ಮೊಣಕೈ ಕುರ್ಚಿ ಹಿಡಿಕಿ ಮ್ಯಾಲ ಊರಿದ್ರ ಇನ್ನೂ ಚಲೋ. ತಲಿ ಹಿಂದ ಎರಡು ಕರಿ ಪಟ್ಟಿ ಕಂಡ್ರ ಅದ ಹಕ್ಕಿ. ಬಿಳಿ, ಕೆಂಪು, ಹೊಳೆಯೋ ಬಣ್ಣದ ಸೀರಿ, ಶಾಲು ಬ್ಯಾಡ. ಕಂದು, ಮಣ್ಣಿನ ಬಣ್ಣ ಚಲೋ.

ಒಡ್ಡಿನ ಮ್ಯಾಲ:

ಗದಗಿನ ಅಕ್ಕಾರ ಹೇಳಿದ್ದು ಖರೆ. ಹಾವೇರಿ ಹೆಗ್ಗೇರಿಗೂ ಹೆಚ್ಚು ಕಡಿಮಿ ಅದ ಮಾತು. ಭಾಳ ದೊಡ್ಡ ಕೆರಿ, ಅಂಥಾ ಕೆರಿಯಾಗ ಸುತ್ತಿನ ವಿಚಾರನ ಬ್ಯಾಡ. ಒಡ್ಡಿಗುಂಟ ಅರ್ಧ ಕಿ.ಮೀ. ಹೋಗಿ ವಾಪಸ್ ಬಂದ್ರ ಅವ್ವಾರಿಗೆ ತುಂಬ ಆತು.

ಗಾಳಿ, ಬಿಸಿಲಿನ ಮಾತು ಬಾಕಿ ಉಳದೈತಿ. ಅಂತರಗಂಗಿ ಬೇರು ನೆಲಕ್ಕ ಊರಿರೂದಿಲ್ಲ, ತೇಲಾಡ್ತಿರತೈತಿ. ಗಾಳಿ ಯಾವ ಕಡೆ ತಳ್ಳತೈತೋ ಆ ದಂಡಿಗೆ ಬಂದು ಕೂಡತೈತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಪಡುವಣ ಗಾಳಿ, ಕಳಿ ಎಲ್ಲಾ ಮೂಡಣ ದಂಡಿಗೆ. ಚಳಿಗಾಲದಾಗ ಗಾಳಿ ಮೂಡಣದಿಂದ ಬೀಸತೈತಿ, ಆಗ ಪಡುವಣ ದಂಡಿಗೆ. ಕೊಳತ ಕಳಿ ನಾರತೈತಿ, ಸೊಳ್ಳಿನೂ ಅಲ್ಲೇ ಹೆಚ್ಚು. ಹಂಗಾಗಿ ಗಾಳಿ ಬರೋ ದಂಡಿಗೆ ಕುಂದರ್ರಿ, ನೀರು ಬಯಲಾಗಿ ಕಾಣತೈತಿ. ಉಣಕಲ್‌ನ್ಯಾಗ ಇದು ಭಾಳ ಕೆಲಸಕ್ಕ ಬರತೈತಿ, ಅಲ್ಲಿ ಅಂತರಗಂಗಿ ತೆಗದಷ್ಟೂ ಮತ್ತ ಬೆಳೀತೈತಿ. ಗಟಾರದ ನೀರಿನ ಸಾರಜನಕ, ರಂಜಕ ಅದಕ್ಕ ಗೊಬ್ಬರ.

ಬಿಸಿಲು: ಬೆಳಿಗ್ಗೆ ಮೂಡಣ ದಂಡಿಯಾಗ ನಿಂತ್ರ ಸೂರ್ಯ ಬೆನ್ನಿಗೆ, ನೀರು ನೀಲಿ ಕಾಣತೈತಿ. ಪಡುವಣ ದಂಡಿಯಾಗ ನಿಂತ್ರ ನೀರಿನ ಹೊಳಪು ನೇರ ಕಣ್ಣಿಗೆ ಬಡೀತೈತಿ, ಕಣ್ಣಿಗೆ ಪೊರೆ ಇದ್ದವರಿಗೆ ಹಾಸಿನ ತಗ್ಗು ದಿಣ್ಣಿ ಗೊತ್ತಾಗೂದಿಲ್ಲ. ಜನವರಿಯಾಗ ಸೂರ್ಯ ಹುಟ್ಟೋದು ಏಳರ ಸುಮಾರು, ಜೂನ್‌ನ್ಯಾಗ ಆರರ ಸುಮಾರು. ಚಳಿಗಾಲದಾಗ ಆರಕ್ಕ ಹೋದ್ರ ಕತ್ತಲಿ, ಟೈಲ್ಸ್ ಮ್ಯಾಲ ಇಬ್ಬನಿ. ಏಳೂಕಾಲಿಗೆ ಹೋಗ್ರಿ.

ಜುಲೈ, ಆಗಸ್ಟ್‌ದಾಗ ಧಾರವಾಡದ ಜಿಟಿಜಿಟಿ ಮಳಿ ನಿಂತ ಮ್ಯಾಲೂ ಗಿಡದ ಕೆಳಗಿನ ಹಾಸು ವಾರಗಟ್ಟಲೆ ಒಣಗೂದಿಲ್ಲ, ಹಸರ ಪಾಚಿ ಕಟ್ಟತೈತಿ. ಆ ತಿಂಗಳ ಸಾಧನಕೇರಿ, ಕೆಲಗೇರಿ ಬಿಟ್ಟ ಬಿಡ್ರಿ. ಎರಿ ನೆಲದ ಕೆರಿಗೂ ಮಳಿಗಾಲ ಸಲ್ಲದು, ಒಂದು ಸಲ ಗಾಲಿ ಹಾಸು ಬಿಟ್ಟು ಕೆಳಗ ಇಳದ್ರ ಮಣ್ಣು ಬ್ರೇಕಿನ ತನಕ ಮೆತ್ತಿಕೊಂಡು ಗಾಲಿ ತಿರಗೂದ ನಿಲ್ಲಸತೈತಿ. ಒಂದು ಕಡ್ಡಿ, ಒಂದು ಹಳೇ ಅರಿವಿ ಚೀಲದಾಗ ಇರಲಿ. ಅಕ್ಟೋಬರ್ ನಡುವಿನಿಂದ ಫೆಬ್ರುವರಿ ತನಕ ಎಲ್ಲಾ ಕಡೆ ಚಲೋ: ಕೆರಿ ತುಂಬಿರತೈತಿ, ದಾರಿ ಒಣಗಿರತೈತಿ.

ವಿದ್ಯಾನಗರದಾಂವ:

ಹಂಗಾದ್ರ ಹಿಂಗ ಮಾಡ್ತೀನಿ. ಶನಿವಾರ ಒಬ್ಬನ ಹೋಗಿ ತೋಳನಕೆರಿ ಅಳದು ಬರೋದು. ಮುಂದಿನ ವಾರ ಅವ್ವನ್ನ ಕರಕೊಂಡು 250 ಮೀಟರ್ ನಡಸೋದು, ಉಳದದ್ದು ಕುರ್ಚಿಯಾಗ. ಉಣಕಲ್ ಆಮ್ಯಾಲೆ, ಹೋಗಿ-ಬರೋ ದಾರಿ ಮಾತ್ರ. ಅಲ್ಲಿ ಎಲ್ಲರೆ ಕಂಬಿ ಸಂದು 900 ಇಲ್ಲಂದ್ರ, ಹೊಸ್ತಿಲ ಎದ್ದಿದ್ರ ಅದನ್ನ ಸರಿ ಮಾಡ್ರಿ ಅಂತ ಬರದ್ರ ಯಾರರೆ ಕೇಳ್ತಾರೇನ್ರಿ?

ಗಾಲಿ ಮತ್ತು ಕೋಲು:

ಬರೆಯಿರಿ, ಖಂಡಿತ ಬರೆಯಿರಿ. ‘ದಾರಿ ಸರಿಯಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಕಂಬಿಯ ಸಂದಿಗೆ ಟೇಪ್ ಹಿಡಿದು, ಅಂಕಿ ಓದಲು ಬರುವಂತೆ ಹತ್ತಿರದಿಂದ ಒಂದು ಫೋಟೊ, ಅದೇ ಜಾಗ ಗುರುತು ಸಿಗುವಂತೆ ದೂರದಿಂದ ಇನ್ನೊಂದು. ಪಕ್ಕದ ದೀಪದ ಕಂಬಕ್ಕೆ ಸಂಖ್ಯೆ ಇದ್ದರೆ ಅದನ್ನೂ ಬರೆಯಿರಿ. ಒಂದು ಅರ್ಜಿಗೆ ಒಂದೇ ದೋಷ. ‘ಈ ಗೇಟಿನ ಸಂದು 610 ಮಿ.ಮೀ. ಇದೆ, 900 ಬೇಕು, ನಡುವಿನ ಒಂದು ಕಂಬ ತೆಗೆದರೆ ಸಾಕು’ ಎಂಬಂತೆ ಪರಿಹಾರವನ್ನೂ ಬರೆಯಿರಿ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಉಲ್ಲೇಖ ಇರಲಿ, ಸಾರ್ವಜನಿಕ ಜಾಗಗಳು ಎಲ್ಲರಿಗೂ ಸುಗಮವಾಗಿರಬೇಕೆಂಬುದು ಅದರಲ್ಲಿದೆ. ಕೇಂದ್ರದ 2021ರ ಸುಗಮ್ಯತೆ ಮಾರ್ಗಸೂಚಿಯಲ್ಲಿ ಅಳತೆಗಳಿವೆ. ಪಾಲಿಕೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಅದೇ ಪ್ರತಿಯನ್ನು ರಾಜ್ಯದ ವಿಕಲಚೇತನರ ಆಯುಕ್ತರಿಗೆ ಕಳಿಸಬಹುದು.

ಸೇತುವೆಯ ಹೊಸ್ತಿಲಿಗೆ ಎರಡು ಬುಟ್ಟಿ ಕಾಂಕ್ರೀಟು ಸಾಕು. 40 ಮಿ.ಮೀ. ಎತ್ತರದ ಹೊಸ್ತಿಲಾದರೆ 1:12ರ ಲೆಕ್ಕಕ್ಕೆ 480 ಮಿ.ಮೀ. ಉದ್ದದ ಓರೆ, ದಾರಿಯ ಅಗಲದಷ್ಟು. ಇಷ್ಟನ್ನೂ ಅರ್ಜಿಯಲ್ಲಿ ಬರೆದುಕೊಡಿ.

ಗದಗ ಕಡೆಯವಳು:

ಶನಿವಾರ ಅಳಿಯಾಕ ಹೋದಾಗ ಬರೇ ಕೈಯಾಗ ಹೋಗಬ್ಯಾಡ್ರಿ ಅಣ್ಣಾರ. ಖಾಲಿ ಕುರ್ಚಿ ಒಯ್ದು, ಅದರಾಗ ಅಕ್ಕಿ ಚೀಲ ಇಟ್ಟು ಬೆಲ್ಟಿಲೆ ಬಿಗಿದು ಒಂದು ಸಲ ಪೂರಾ ನೂಕಿ ನೋಡ್ರಿ. 25 ಕೆ.ಜಿ.ದು ಎರಡು ಚೀಲ ಆದ್ರ ಅವ್ವಾರ ತೂಕದ ಹತ್ರ ಬರತೈತಿ. ಟೇಪಿಗೆ ಸಿಗದ ತಗ್ಗು ಆ ಚೀಲ ತೋರಸತೈತಿ.